ಸ್ಪ್ರಿಂಗಿನ ಅಳತೆ

ಕೆಳಗೆ ಕುಂಞಮ್ಮದ್ ಕಾಕನ ಹಾರ್ಡ್‌ವೇರ್ ಅಂಗಡಿ:
ಮೊಳೆ, ತಿರುಗಣಿ, ಚಿಲಕ, ಮೆಣಸಿನ ಏಣಿಗೆ ಹಗ್ಗ.
ಮೇಲೆ ನಾವು ಐದು ಜನ, ಆರು ಕುರ್ಚಿ,
ಆರನೆಯದರ ಮೇಲೆ ಧೂಳು ಒರೆಸಿಟ್ಟ ಹಳೆಯ ಪೆಟ್ಟಿಗೆ.
ಬಿಳಿ ಹಲಗೆಯಲ್ಲಿ ಉತ್ತಯ್ಯ ಬರೆದ ಒಂದೇ ಸಾಲು:
‘ಮತ್ತೆ ಹಾರ್ಡ್‌ವೇರ್ ಮಾಡೋಣವೆ?’
ಚಹಾ ತಂದ ಹುಡುಗ ಓದಿ ನಕ್ಕ,
‘ಕಾಕ ಒಪ್ಪಿದರಾ ಸಾರ್?’

ಯಾರಿಗೂ ನಗು ಬರಲಿಲ್ಲ.
ಬೆಳ್ಯಪ್ಪನ ಲೆಕ್ಕದಲ್ಲಿ ಮಾರ್ಚಿಗೆ ನಮ್ಮ ಸಂಬಳ ಮುಗಿಯುತ್ತದೆ.
ಫೋನಿಗೆಂದು ಮಾಡಿದ ಹನ್ನೊಂದು ಆಟಗಳಲ್ಲಿ
ಹತ್ತನ್ನು ಇಳಿಸಿಕೊಂಡವರು ಅದೇ ಸಂಜೆ ಅಳಿಸಿದ್ದಾರೆ.
ಹನ್ನೊಂದನೆಯದು ಹೇಗೋ ಓಡುತ್ತಿದೆ,
ಸಾಲ ಕೊಡುವವರ ಜಾಹೀರಾತನ್ನು ಬೆನ್ನ ಮೇಲೆ ಹೊತ್ತು.

ನಾನು ಸೆವ್ರಿನಾ. ಇಲ್ಲಿಗೆ ಬಂದಾಗ ಹತ್ತೊಂಬತ್ತು ನನಗೆ.
ಕೆಲಸ, ಕೋವಿಯ ಕುದುರೆಗೆ ಸ್ಪ್ರಿಂಗು ಕೂರಿಸುವುದು.
ಹೌದು, ಪೆಟ್ಟಿಗೆಗೊಂದು ಕೋವಿ,
ಬೀಟೆಯ ಬಣ್ಣ ಬಳಿದ ಪ್ಲಾಸ್ಟಿಕ್ಕು.
ಟೀವಿಯೊಳಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ;
ಗುರಿ ಸಿಕ್ಕರೆ ಒಡೆದು
ಚೌಕ ಚೌಕವಾಗಿ ನೀರು ಚಿಮ್ಮುತ್ತಿತ್ತು.
ಕೈಲ್‌ಮುಹೂರ್ತದ ದಿನ ಯಾರದೋ ಮನೆಯಲ್ಲಿ
ನಿಜದ ಕೋವಿಗಳ ಸಾಲಿನ ಕೊನೆಗೆ ಅದನ್ನೂ ಒರಗಿಸಿ
ನಳಿಗೆಗೆ ತೋಕ್ ಪೂ ಸಿಕ್ಕಿಸಿದ್ದರು.
ಆ ಫೋಟೊ ಉತ್ತಯ್ಯನ ಮೇಜಿನ ಗಾಜಿನಡಿ ಈಗಲೂ ಇದೆ.

ಆಮೇಲೆ ಟೀವಿಗಳ ಬೆನ್ನು ಚಪ್ಪಟೆಯಾಯಿತು.
ನಮ್ಮ ಕೋವಿ ಕಾಯುತ್ತಿದ್ದದ್ದು
ಹಳೆಯ ಗಾಜಿನ ಮೇಲೆ ಸರಸರ ಓಡುವ ಬೆಳಕಿನ ಚುಕ್ಕೆಗೆ.
ಹೊಸ ಗಾಜಿನಲ್ಲಿ ಚುಕ್ಕೆ ಓಡುವುದಿಲ್ಲ.
ಎಷ್ಟು ಹೊಡೆದರೂ ಕಾಯಿ ತೂಗುತ್ತಲೇ ಉಳಿಯಿತು.
ಕೋವಿ ಕೆಟ್ಟಿದೆಯೆಂದು ಜನ ಹೊತ್ತು ತಂದರು.
ಕೆಟ್ಟಿರಲಿಲ್ಲ.
ಏನಾಗಿದೆಯೆಂದು ಬರೆಯಲು
ರಿಪೇರಿ ಚೀಟಿಯಲ್ಲಿ ಜಾಗ ಸಾಲಲಿಲ್ಲ.

ಫಸೀಲಾ ಎದ್ದಳು, ಇಪ್ಪತ್ತನಾಲ್ಕರ ಹುಡುಗಿ:
‘ಇಷ್ಟು ವರ್ಷ ಬೇರೆಯವರ ಗಾಜಿನಲ್ಲಿ ಬಾಡಿಗೆಗಿದ್ದೇವೆ.
ಅವರು ಬಾಗಿಲು ಹಾಕಿದ ದಿನ ನಮ್ಮ ಆಟ ಬೀದಿಗೆ.
ಚಪ್ಪಟೆ ಟೀವಿಗೂ ಗುರಿ ಹಿಡಿಯುವ ಕಣ್ಣು ಮಾಡಿದ್ದೇನೆ, ನೋಡಿ.’
ನೋಡಿದೆವು. ಹತ್ತರಲ್ಲಿ ಏಳು ಕಾಯಿ ಒಡೆದವು.

ಬೆಳ್ಯಪ್ಪ ಪೆನ್ನಿನ ಮುಚ್ಚಳ ಹಾಕಿದ:
‘ಅಚ್ಚಿಗೇ ಹದಿನೆಂಟು ಲಕ್ಷ. ಉಳಿದ ಮೂರು ಕಾಯಿಗೆ ಎಷ್ಟು?
ಮಾಕುಟ್ಟ ಘಾಟಿಯಲ್ಲಿ ಲಾರಿ ಸಿಕ್ಕಿಬಿದ್ದ ಮೂರು ವಾರ ಮರೆತಿರಾ?
ಬೋರ್ಡುಗಳಿಗೆ ಬೂಷ್ಟು ಹತ್ತಿದ್ದು?’
ಮರೆತಿಲ್ಲ. ಮುನ್ನೂರು ಬೋರ್ಡು,
ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಶ್ಶು, ಈ ಕೈ.
ಬೆಳ್ಯಪ್ಪ ಹೇಳುವುದು ಸರಿ, ಯಾವಾಗಲೂ ಸರಿ.
ಆದರೆ ಪ್ರತಿ ವರ್ಷ ಆಗಸ್ಟಿನಲ್ಲಿ
ಯಾರಿಗೂ ಕೇಳದಂತೆ ನನ್ನ ಹತ್ತಿರ ಒಂದು ಸ್ಪ್ರಿಂಗು ಕೇಳುತ್ತಾನೆ.
ಅವನ ಮನೆಯ ಅಟ್ಟದಲ್ಲಿ
ದಪ್ಪ ಬೆನ್ನಿನ ಟೀವಿಯೊಂದು ಇನ್ನೂ ಉಸಿರಾಡುತ್ತಿದೆ.

ಉತ್ತಯ್ಯ ಮಾತಾಡಲಿಲ್ಲ.
ಕೋವಿ ಎತ್ತಿ ಖಾಲಿ ಗೋಡೆಗೆ ಒಂದು ಗುಂಡು ಹೊಡೆದ.
ಟಕ್.
ನನ್ನ ಬೆರಳಿಗೆ ಆ ಸದ್ದಿನ ತೂಕ ಗೊತ್ತು.
ಗಾಜು ಎಷ್ಟು ಒತ್ತಿದರೂ ತಿರುಗಿ ಒತ್ತುವುದಿಲ್ಲ;
ಇದು ಒತ್ತುತ್ತದೆ,
ಜಗಳವಾಡುವ ತಂಗಿಯ ಹಾಗೆ.
ಅಷ್ಟಕ್ಕೇ ಹದಿನೆಂಟು ಲಕ್ಷ ಕೊಡಬಹುದೆ?
ನನಗೆ ಗೊತ್ತಿಲ್ಲ. ನನ್ನದೂ ಸಂಬಳ.

ಕೈ ಎತ್ತಿಸಿದರು. ಉತ್ತಯ್ಯ, ಫಸೀಲಾ ಒಂದು ಕಡೆ.
ಬೆಳ್ಯಪ್ಪ, ಮನೆ ಸಾಲದ ತಿಲಕ ಇನ್ನೊಂದು ಕಡೆ.
ನಾಲ್ವರೂ ನನ್ನತ್ತ ತಿರುಗಿದರು.
ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ,
‘ಸ್ಪ್ರಿಂಗು ಮುಗಿಯಿತೇ?’ ಎಂಬುದನ್ನು ಬಿಟ್ಟು.
‘ನಾಳೆ ಹೇಳುತ್ತೇನೆ’ ಅಂದೆ.

ಗಡಿಯಾರ ಕಂಬದ ಕಡೆ ಬಸ್ಸೊಂದು ತಿರುಗುತ್ತಿತ್ತು. ಕೆಳಗಿಳಿದೆ.
ಕಾಕ ಮೊಳೆ ತೂಗುತ್ತಿದ್ದ.
‘ಈ ಅಳತೆಯದು, ಸಾವಿರಕ್ಕೆ ಏನಾಗುತ್ತದೆ ಕಾಕ?’
ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಒತ್ತಿ, ಬಿಟ್ಟು,
‘ಇದೀಗ ಬರೋದಿಲ್ಲ. ಮಾಡಿಸಬೇಕು’ ಅಂದ.
‘ಸುಮ್ಮನೆ ಕೇಳಿದೆ.’
ಅಷ್ಟರಲ್ಲಿ ಅವನು
ಮೊಳೆಯ ಚೀಟಿಯ ಬೆನ್ನಿಗೆ ಅಳತೆ ಬರೆದುಕೊಳ್ಳುತ್ತಿದ್ದ.